ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗ ಭತ್ಯೆ ನಿರಾಕರಿಸಿದ್ದಾರೆ, ಮುಂದೇನು? ಅನುಭವ ಇರುವವರು ತಿಳಿಸಿ

ಪ್ರಶ್ನೆ, ಸ್ಯಾನ್ ಹೋಸೆಯಿಂದ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ದುಡಿದ ಕಂಪನಿ ಎರಡು ತಿಂಗಳ ಹಿಂದೆ ನನ್ನನ್ನು ಕೆಲಸದಿಂದ ತೆಗೆಯಿತು. ನನಗೆ ಗ್ರೀನ್ ಕಾರ್ಡ್ ಇದೆ. ಸೆವರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕಂಪನಿ ಕೊಡುವ ಹಣ ಬಂದಿತ್ತು, ಜೊತೆಗೆ ಸರ್ಕಾರದ ಮುಂದೆ ಕೈಚಾಚಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ನಾಲ್ಕು ವಾರ ಸುಮ್ಮನಿದ್ದೆ. ಹೆಂಡತಿ ಒತ್ತಾಯಿಸಿದ ಮೇಲೆ ಅರ್ಜಿ ಹಾಕಿದೆ. ಈಗ ಅಂಚೆಯಲ್ಲಿ ಪತ್ರ ಬಂದಿದೆ. ನಾನೇ ರಾಜೀನಾಮೆ ಕೊಟ್ಟೆನೆಂದು ಕಂಪನಿ ತಿಳಿಸಿದೆಯಂತೆ, ಆದ್ದರಿಂದ ಭತ್ಯೆ ಇಲ್ಲವಂತೆ. ಪತ್ರದ ಮೇಲಿನ ದಿನಾಂಕದಿಂದ ಇಂದಿಗೆ ಹನ್ನೆರಡು ದಿನವಾಯಿತು. ಇನ್ನೂ ಕೆಲಸ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ ಎಂದು ಎರಡು ವಾರಕ್ಕೊಮ್ಮೆ ಸಲ್ಲಿಸುವ ಸರ್ಟಿಫಿಕೇಶನ್ನನ್ನೂ ಬೇಸರದಲ್ಲಿ ನಿಲ್ಲಿಸಿದೆ. ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ಇನ್ನೂ ಏನನ್ನೂ ಹೇಳಿಲ್ಲ. ಮೇಲ್ಮನವಿಯಿಂದ ಪ್ರಯೋಜನ ಉಂಟೇ? ವಕೀಲರು ಬೇಕೇ? ಮುಂದೆ ಪೌರತ್ವಕ್ಕೆ ತೊಡಕಾದೀತೇ?

ಉತ್ತರ, ಫ್ರೀಮಾಂಟ್‌ನಿಂದ

ಸರ್, ಇದನ್ನು ಪೂರ್ತಿ ಓದುವುದಕ್ಕೂ ಮೊದಲು ಇಡಿಡಿಯ (ಭತ್ಯೆ ಕೊಡುವ ರಾಜ್ಯದ ಉದ್ಯೋಗ ಇಲಾಖೆಯ) ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ತೆರೆದು, ಬಾಕಿ ಉಳಿದ ಸರ್ಟಿಫಿಕೇಶನ್ ಸಲ್ಲಿಸಿ ಬನ್ನಿ. ಮೇಲ್ಮನವಿಯಲ್ಲಿ ಗೆದ್ದರೂ ಹಣ ಸಿಗುವುದು ಸರ್ಟಿಫೈ ಮಾಡಿದ ವಾರಗಳಿಗೆ ಮಾತ್ರ. 2023ರಲ್ಲಿ ನಿಮ್ಮಂತೆಯೇ ನಾನೂ ನಿರಾಕರಣೆಯ ಪತ್ರ ನೋಡಿ ಕೈಬಿಟ್ಟಿದ್ದೆ. ಆಮೇಲೆ ತೀರ್ಪು ನನ್ನ ಪರವಾಗಿ ಬಂತು, ಆದರೆ ನಾನು ಬಿಟ್ಟ ವಾರಗಳಲ್ಲಿ ನಾಲ್ಕಕ್ಕೆ ಒಂದು ಡಾಲರ್ ಕೂಡ ಬರಲಿಲ್ಲ. ತಡವಾದದ್ದಕ್ಕೆ ಕಾರಣ ಕೇಳಿದರು. "ಮನಸ್ಸಿಗೆ ನೋವಾಗಿತ್ತು" ಎಂಬುದನ್ನು ಬಿಟ್ಟು ಹೇಳಲು ನನ್ನಲ್ಲಿ ಬೇರೇನೂ ಇರಲಿಲ್ಲ.

ಕೈಚಾಚುವುದು ಎಂದು ಬರೆದಿದ್ದೀರಲ್ಲ, ಆ ಮಾತು ನನ್ನನ್ನು ಬಹಳ ಕಾಡಿತು. ಇದು ದಾನವಲ್ಲ, ವಿಮೆ. ಪ್ರತಿ ನೌಕರನ ವರ್ಷದ ಸಂಬಳದ ಮೊದಲ 7,000 ಡಾಲರಿನ ಮೇಲೆ ಕಂಪನಿ ಇದಕ್ಕಾಗಿಯೇ ತೆರಿಗೆ ಕಟ್ಟುತ್ತದೆ. ನಿಮ್ಮ ಹೆಸರಿನಲ್ಲಿ ಹನ್ನೊಂದು ವರ್ಷ ಕಟ್ಟಿದೆ. ನಮ್ಮ ಮನೆಗಳಲ್ಲಿ ಎಲ್.ಐ.ಸಿ. ಪಾಲಿಸಿಯ ಹಣ ತೆಗೆದುಕೊಳ್ಳಲು ಯಾರೂ ನಾಚುವುದಿಲ್ಲ. ಇದಕ್ಕೆ ಮಾತ್ರ ಏಕೆ ನಾಚಬೇಕು? ಆ ನಾಚಿಕೆಯಿಂದ ಆಗುವ ನಷ್ಟವೂ ಸಣ್ಣದಲ್ಲ. ಕ್ಲೇಮು ಶುರುವಾಗುವುದು ಕೆಲಸ ಹೋದ ದಿನದಿಂದಲ್ಲ, ಅರ್ಜಿ ಹಾಕಿದ ವಾರದ ಭಾನುವಾರದಿಂದ. ಮೊದಲ ಒಂದು ವಾರಕ್ಕೆ ಹಣವೂ ಇಲ್ಲ. ವಾರಕ್ಕೆ ಕನಿಷ್ಠ 40, ಗರಿಷ್ಠ 450 ಡಾಲರ್, ಹೆಚ್ಚೆಂದರೆ 26 ವಾರ. ಬೇ ಏರಿಯಾದ ಬಾಡಿಗೆಗೆ ಇದು ಏನೇನೂ ಸಾಲದು, ಒಪ್ಪುತ್ತೇನೆ. ನಮ್ಮ ಮನೆಯ ದಿನಸಿ ಮತ್ತು ಮಗಳ ಔಷಧಿ ಮಾತ್ರ ಇದರಿಂದಲೇ ನಡೆದವು. ಸೆವರೆನ್ಸ್ ಇದೆಯೆಂದು ಕಾಯುವ ಅಗತ್ಯವೂ ಇರಲಿಲ್ಲ. ಈ ರಾಜ್ಯದಲ್ಲಿ ಆ ಹಣ ಸಾಮಾನ್ಯವಾಗಿ ಭತ್ಯೆಗೆ ಅಡ್ಡ ಬರುವುದಿಲ್ಲ, ಆದರೆ ಕೇಳಿದಲ್ಲಿ ಮುಚ್ಚಿಡದೆ ಬರೆಯಬೇಕು.

ನನ್ನ ಅರ್ಜಿ ಆರಂಭದಲ್ಲೇ ನಿಂತದ್ದು ಹೆಸರಿನಿಂದ. ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕು. ನನ್ನ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದಾರೆ, ಅದರಲ್ಲಿ ಊರಿನ ಹೆಸರು ಮೊದಲು, ಅಪ್ಪನ ಹೆಸರು ಕೊನೆಗೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದೇ ಕ್ರಮ. ಸಂಬಳದ ದಾಖಲೆಯಲ್ಲಿ ಗಂಡನ ಹೆಸರು ಸೇರಿಕೊಂಡಿತ್ತು. ಮೂರು ಕಾಗದಗಳಲ್ಲಿ ಎರಡು ಬಗೆಯ ಹೆಸರಿದ್ದರೆ, ಅದು ಒಬ್ಬಳೇ ಎಂದು ಯಾರಾದರೂ ಹೇಗೆ ನಂಬಬೇಕು? ಗುರುತಿನ ದಾಖಲೆ ಕೇಳಿ ಪತ್ರ ಬಂದಾಗ ಪಾಸ್‌ಪೋರ್ಟ್, ಕಾರ್ಡು, ಮದುವೆಯ ಪ್ರಮಾಣಪತ್ರ, ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ವಿವರ) ನಾಲ್ಕನ್ನೂ ಒಟ್ಟಿಗೆ ಕಳುಹಿಸಿ, ಹೆಸರು ಏಕೆ ಬೇರೆ ಎಂಬುದನ್ನು ನಾಲ್ಕು ಸಾಲಿನಲ್ಲಿ ವಿವರಿಸಿದೆ. ಅರ್ಜಿ ಅಲ್ಲಿಂದ ಮುಂದೆ ಸಾಗಿತು. ಇನ್ನೂ ಕೆಲಸದಲ್ಲಿರುವವರು ಇವತ್ತೇ ಪೇಸ್ಲಿಪ್ಪನ್ನೂ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ.

ಇನ್ನು ಮೇಲ್ಮನವಿ. ಪತ್ರ ಅಂಚೆಗೆ ಹಾಕಿದ ದಿನಾಂಕದಿಂದ 30 ದಿನ ಅವಕಾಶವಿದೆ, ನಿಮಗೆ ಹದಿನೆಂಟು ದಿನ ಉಳಿದಿದೆ. ಡಿಇ 1000ಎಂ ಎಂಬ ನಮೂನೆಯನ್ನು ತುಂಬಬಹುದು, ಇಲ್ಲವೇ ಸಾದಾ ಪತ್ರದಲ್ಲಿ ನಿಮ್ಮ ವಿವರ, ನಿರಾಕರಣೆಯ ದಿನಾಂಕ, ಏಕೆ ಒಪ್ಪುವುದಿಲ್ಲ ಎಂಬುದನ್ನು ಬರೆದರೂ ಆದೀತು. ಹನ್ನೊಂದು ವರ್ಷದ ಕಥೆ ಬೇಡ. "ನಾನು ರಾಜೀನಾಮೆ ಕೊಟ್ಟಿಲ್ಲ. ಇಂಥ ದಿನ ಕಂಪನಿ ನನ್ನನ್ನು ತೆಗೆಯಿತು. ಪತ್ರದ ಪ್ರತಿ ಲಗತ್ತಿಸಿದೆ." ಇಷ್ಟು ಸಾಕು. ಇಡಿಡಿ ಮೊದಲು ತಾನೇ ಮತ್ತೊಮ್ಮೆ ನೋಡುತ್ತದೆ. ಕೆಲವರ ನಿರಾಕರಣೆ ಅಲ್ಲಿಯೇ ಬದಲಾಗುತ್ತದೆ. ಬದಲಾಗದಿದ್ದರೆ ಕಡತ ಮೇಲ್ಮನವಿ ಮಂಡಳಿಯ ನ್ಯಾಯಾಧೀಶರ ಮುಂದೆ ಹೋಗುತ್ತದೆ. ವಕೀಲರು ಕಡ್ಡಾಯವಲ್ಲ, ನಾನು ಒಬ್ಬಳೇ ಮಾತನಾಡಿದೆ.

ಪೌರತ್ವದ ಭಯ ಬಿಡಿ. ಸತ್ಯ ಹೇಳಿ ಪಡೆದ ವಿಮೆ ಅದಕ್ಕೆ ಅಡ್ಡಿಯಲ್ಲ. ಸುಳ್ಳು ಹೇಳಿ ಪಡೆದರೆ ಹಣ ಹಿಂತಿರುಗಿಸುವುದರ ಜೊತೆಗೆ 30% ದಂಡ ಬೀಳುತ್ತದೆ. ಭಯಪಡಬೇಕಾದದ್ದು ಅದಕ್ಕೆ.

ಉತ್ತರ, ಫೋಲ್ಸಮ್‌ನಿಂದ

ಅಕ್ಕ ಹೇಳಿದ್ದಕ್ಕೆ ವಿಚಾರಣೆಯ ದಿನದ ಅನುಭವ ಸೇರಿಸುತ್ತೇನೆ. ನನ್ನನ್ನು ತೆಗೆದದ್ದು ಕೆಲಸ ಚೆನ್ನಾಗಿಲ್ಲ ಎಂಬ ಕಾರಣಕ್ಕೆ, ಮೂರು ತಿಂಗಳ "ಸುಧಾರಣಾ ಯೋಜನೆ"ಯ ನಂತರ. ಹಾಗೆ ತೆಗೆದವರಿಗೆ ಭತ್ಯೆ ಇಲ್ಲವೆಂದು ನಮ್ಮವರಲ್ಲಿ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಅದು ತಪ್ಪು. ಕಾನೂನು ನೋಡುವುದು ದುರ್ನಡತೆಯನ್ನು. ಪ್ರಾಮಾಣಿಕವಾಗಿ ದುಡಿದೂ ಗುರಿ ಮುಟ್ಟದಿರುವುದು ದುರ್ನಡತೆಯಲ್ಲ. ನೀವೇ ಕೆಲಸ ಬಿಟ್ಟಿದ್ದರೆ ಬಲವಾದ ಕಾರಣವನ್ನು ನೀವು ತೋರಿಸಬೇಕು, ತೆಗೆದಿದ್ದರೆ ದುರ್ನಡತೆಯನ್ನು ಕಂಪನಿ ತೋರಿಸಬೇಕು. ನಿಮ್ಮ ಕಂಪನಿ "ರಾಜೀನಾಮೆ" ಎಂಬ ಒಂದು ಪದ ಬರೆದದ್ದರಿಂದ ಆ ಹೊಣೆ ನಿಮ್ಮ ತಲೆಯ ಮೇಲೆ ಬಂದಿದೆ. ಹಾಗಾಗಿ ಆ ಪದವನ್ನೇ ಮೊದಲು ಅಳಿಸಿ.

ವಿಚಾರಣೆ ಫೋನಿನಲ್ಲಿ ನಡೆಯಿತು. ದಿನಾಂಕದ ಸೂಚನೆ ಕನಿಷ್ಠ 10 ದಿನ ಮುಂಚೆ ಬರುತ್ತದೆ. ಕಂಪನಿ ಏನೇನು ಹೇಳಿದೆ ಎಂಬ ಕಡತವನ್ನು ಮೊದಲೇ ಕೇಳಿ ಓದಿಕೊಳ್ಳುವ ಹಕ್ಕು ನಿಮಗಿದೆ. ನಾನು ಓದಿದ್ದೆ, ಅದರಿಂದಲೇ ಬದುಕಿದೆ. ಕಂಪನಿಯ ಪರವಾಗಿ ಮಾತನಾಡಿದವರು ನನ್ನೊಂದಿಗೆ ಒಂದು ದಿನವೂ ಕೆಲಸ ಮಾಡಿದವರಲ್ಲ. "ನೀವು ಕಣ್ಣಾರೆ ಕಂಡದ್ದೇನು?" ಎಂದು ನ್ಯಾಯಾಧೀಶರು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಪ್ರಮಾಣ ಮಾಡಿ ಹೇಳುವ ಮಾತು ಅದು, ಆದ್ದರಿಂದ ಕೇಳಿದ್ದಕ್ಕಷ್ಟೇ ಉತ್ತರಿಸಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಇಂಗ್ಲಿಷ್ ತಡವರಿಸುತ್ತದೆ ಎನಿಸಿದರೆ ದುಭಾಷಿಯನ್ನು ಉಚಿತವಾಗಿ ಕೊಡುತ್ತಾರೆ, ಮುಂಚಿತವಾಗಿ ತಿಳಿಸಬೇಕು. ಅಲ್ಲಿಯೂ ಸೋತರೆ ಮತ್ತೆ 30 ದಿನದೊಳಗೆ ಮಂಡಳಿಗೆ ಎರಡನೆಯ ಮೇಲ್ಮನವಿ ಉಂಟು.

ಉತ್ತರ, ಸನಿವೇಲ್‌ನಿಂದ

ಊರಿಗೆ ಹೋಗಿಬರುವ ಯೋಚನೆ ಇದ್ದರೆ ಒಂದು ಮಾತು. ಅಮ್ಮನ ಶಸ್ತ್ರಚಿಕಿತ್ಸೆಗಾಗಿ ನಾನು ಎರಡು ವಾರ ಶಿವಮೊಗ್ಗದಲ್ಲಿದ್ದೆ. ಆ ವಾರಗಳಲ್ಲಿ ಕೆಲಸ ಸಿಕ್ಕರೆ ಸೇರುವ ಸ್ಥಿತಿಯಲ್ಲಿ ಇರಲಿಲ್ಲವೆಂದು ಹಾಗೆಯೇ ತಿಳಿಸಿದೆ. ಆ ಎರಡು ವಾರಕ್ಕೆ ಹಣ ಬರಲಿಲ್ಲ, ಉಳಿದದ್ದು ಹಾಗೆಯೇ ಇತ್ತು. ಎಚ್-1ಬಿಯಲ್ಲಿರುವ ನನ್ನ ತಮ್ಮನಿಗೆ ಮಾತ್ರ ಈ ದಾರಿ ಇರಲಿಲ್ಲ. ಆ ವೀಸಾ ಒಂದೇ ಕಂಪನಿಗೆ ಕಟ್ಟಿಹಾಕುವುದರಿಂದ ಸಾಮಾನ್ಯವಾಗಿ ಭತ್ಯೆ ಸಿಗುವುದಿಲ್ಲ. ಅವನ ಲೆಕ್ಕವೇನಿದ್ದರೂ 60 ದಿನದ್ದು, ಅಷ್ಟರೊಳಗೆ ಬೇರೆ ಕಂಪನಿ ಸಿಗದಿದ್ದರೆ ಸಾಮಾನ್ಯವಾಗಿ ದೇಶ ಬಿಡಬೇಕು. ಅವನು ಪಟ್ಟ ಪಾಡನ್ನು ಕಂಡವಳಾಗಿ ಹೇಳುತ್ತೇನೆ, ಹಕ್ಕು ಇರುವವರು ಬಿಡಬೇಡಿ. ಅಂದಹಾಗೆ ಈ ಹಣಕ್ಕೆ ರಾಜ್ಯದ ತೆರಿಗೆ ಇಲ್ಲ, ಕೇಂದ್ರದ ತೆರಿಗೆ ಇದೆ. ಶುರುವಿನಲ್ಲೇ 10% ಹಿಡಿದುಕೊಳ್ಳಲು ಹೇಳಬಹುದು.

ಪ್ರಶ್ನೆ ಕೇಳಿದವರು

ಸರ್ಟಿಫಿಕೇಶನ್ ಸಲ್ಲಿಸಿದೆ. ಎಲ್ಲರಿಗೂ ಕೃತಜ್ಞತೆಗಳು. ಆದರೆ ಕಂಪನಿಯ ಇಮೇಲ್ ಅಂದೇ ಮುಚ್ಚಿತು. ತೆಗೆದರೆಂದು ತೋರಿಸಲು ನನ್ನ ಬಳಿ ಏನಿದೆ?

ಉತ್ತರ, ಫ್ರೀಮಾಂಟ್‌ನಿಂದ

ಮನೆಗೆ ಬಂದ ಲಕೋಟೆಯನ್ನು ಹುಡುಕಿ ಸರ್. ಇಲ್ಲಿ ನೌಕರನನ್ನು ತೆಗೆಯುವಾಗ ಕಂಪನಿ ಲಿಖಿತ ಸೂಚನೆ ಕೊಡಲೇಬೇಕು, ತಾನಾಗಿ ಬಿಟ್ಟವನಿಗೆ ಕೊಡಬೇಕಿಲ್ಲ. ಆ ಹಾಳೆ ಸಿಕ್ಕರೆ ಅದೇ ನಿಮ್ಮ ಸಾಕ್ಷಿ. ಸೆವರೆನ್ಸ್ ಒಪ್ಪಂದದಲ್ಲಿ ಕೆಲಸ ಕೊನೆಗೊಂಡದ್ದಕ್ಕೆ ಯಾವ ಕಾರಣ ಬರೆದಿದ್ದಾರೆಂದು ಸಾಲು ಸಾಲಾಗಿ ಓದಿ. ನಿಮ್ಮೊಂದಿಗೆ ಇನ್ನೂ ಅನೇಕರನ್ನು ತೆಗೆದಿದ್ದರೆ, ಸಾಮೂಹಿಕ ಲೇಆಫ್ ಮಾಡುವ ದೊಡ್ಡ ಕಂಪನಿಗಳು 60 ದಿನ ಮುಂಚೆ ಸಲ್ಲಿಸಬೇಕಾದ ವಾರ್ನ್ ಸೂಚನೆಗಳ ಪಟ್ಟಿಯನ್ನು ಇಡಿಡಿಯೇ ಪ್ರಕಟಿಸುತ್ತದೆ. ಕಂಪನಿಯ ಹೆಸರು ಅಲ್ಲಿದ್ದರೆ ಆ ಪುಟವನ್ನು ಅಚ್ಚು ಹಾಕಿ ಲಗತ್ತಿಸಿ. ಅಂದು ಮ್ಯಾನೇಜರ್ ಮೊಬೈಲಿಗೆ ಕಳುಹಿಸಿದ ಸಂದೇಶವಿದ್ದರೆ ಅದೂ ಸಾಕ್ಷಿ. ಯಾವುದಕ್ಕೂ ಪ್ರತಿ ಇಟ್ಟುಕೊಂಡು, ಅಂಚೆ ಕಚೇರಿಯ ರಸೀದಿ ಪಡೆದು ಕಳುಹಿಸಿ. ನಾಳೆ ಶನಿವಾರ, ಮಧ್ಯಾಹ್ನದ ನಂತರ ನಾನು ಮನೆಯಲ್ಲೇ ಇರುತ್ತೇನೆ. ಬರೆದ ಪತ್ರವನ್ನು ತೋರಿಸಬೇಕೆನಿಸಿದರೆ ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ.