ಸಹಾಯ ಬೇಕು: ಪಹಣಿ ಇಲ್ಲದ ಸಂಘಕ್ಕೆ ಬೆಳೆ ಸಾಲ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ಪಾವಗಡ ಕಡೆಯ ಹಳ್ಳಿಯೊಂದರ ಹೆಂಗಸರ ಸಂಘಕ್ಕೆ ಲೆಕ್ಕ ಬರೆದುಕೊಡುತ್ತೇನೆ. ವಾರಕ್ಕೊಮ್ಮೆ ಗುಡಿ ಕಟ್ಟೆ ಮೇಲೆ ಸಭೆ. ತಲಾ ಐವತ್ತು ರೂಪಾಯಿ ಉಳಿತಾಯ. ಒಳಸಾಲ ಯಾರೂ ಬಾಕಿ ಇಟ್ಟಿಲ್ಲ.

ಈ ಸಲ ಆರು ಜನ ಸೇರಿ ಬೀಳು ಬಿದ್ದ ಹೊಲ ಗುತ್ತಿಗೆ ಹಿಡಿದು, ಶೇಂಗಾ ಮಧ್ಯೆ ತೊಗರಿ ಅಕ್ಕಡಿ ಹಾಕೋಣ ಅಂತಿದ್ದಾರೆ. ಮಳೆ ಕೈಕೊಟ್ಟು ಶೇಂಗಾ ಹೋದರೂ ತೊಗರಿ ಒಂದಿಷ್ಟು ಕೈಗೆ ಬರುತ್ತೆ, ಅಲ್ವಾ? ಆದರೆ ಬ್ಯಾಂಕಿನವರು ಮೊದಲು ಕೇಳೋದೇ ಪಹಣಿ. ಹೊಲದ ಯಜಮಾನರು ಬಾಯಿಮಾತಿಗೆ ಒಪ್ಪುತ್ತಾರೆ, ಕಾಗದ ಅಂದರೆ ಹಿಂದೆ ಸರಿಯುತ್ತಾರೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೇ ಜಮೀನು ಹೋದದ್ದು ಇನ್ನೂ ಯಾರೂ ಮರೆತಿಲ್ಲ. ಅವರ ಭಯವೂ ಸುಮ್ನೆ ಅಲ್ಲ ಬಿಡಿ.

ನಬಾರ್ಡ್‌ನ ಜಂಟಿ ಹೊಣೆಗಾರಿಕೆ ಗುಂಪು, ಅಂದರೆ ಜೆಎಲ್‌ಜಿ, ಇಂಥವರಿಗೇ ಇರೋದು. ನಾಲ್ಕರಿಂದ ಹತ್ತು ಜನ, ಒಬ್ಬರಿಗೊಬ್ಬರು ಜಾಮೀನು. ನಿಮ್ಮಲ್ಲಿ ಯಾರಾದರೂ ಹೀಗೆ ಬೆಳೆ ಸಾಲ ತಗೊಂಡಿದ್ದೀರಾ? ಗುತ್ತಿಗೆ ಪತ್ರದ ಬದಲು ಏನು ಕೊಟ್ಟಿರಿ? ಸಂಘದ ಸಾಲ ಇದ್ದವರು ಜೆಎಲ್‌ಜಿಗೂ ಸೇರಿದರೆ ಬ್ಯಾಂಕಿನವರು ತಕರಾರು ತೆಗೆಯುತ್ತಾರಾ?

ಮನೆ ಬಾಗಿಲಿಗೆ ಬರೋ ಫೈನಾನ್ಸ್ ಬೇಡ. ಅದರ ಕಂತು ವಾರ ವಾರ, ಶೇಂಗಾ ಕೀಳೋದು ನಾಲ್ಕು ತಿಂಗಳಿಗೆ.

ಬಿತ್ತನೆ ಹತ್ತಿರ ಬಂತು. ಕೊಟ್ಟ ಅರ್ಜಿಯ ನಮೂನೆ ಇದ್ದರೆ, ಹೆಸರು ಮುಚ್ಚಿ ಫೋಟೋ ಹಾಕಿ.