ಅಪ್‌ಡೇಟ್: ಕೋಕ್ ಪುಡಿಯಾಗೋದು ಅಂತೂ ಕಡಿಮೆ ಆಯ್ತು

ಬೆಳಗಾವಿಯ ನಮ್ಮ ಫೌಂಡ್ರಿಗೆ ಬರುವ ಹಾರ್ಡ್ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಗಟ್ಟಿ ಇಂಧನ), ಕ್ಯುಪೋಲಾ ಅಂದ್ರೆ ಕಬ್ಬಿಣ ಕರಗಿಸುವ ಕುಲುಮೆ ಸೇರುವಷ್ಟರಲ್ಲಿ ಪುಡಿಯಾಗುತ್ತದೆ, ಏನು ಮಾಡೋದು ಅಂತ ಹೋದ ವಾರ ಇಲ್ಲಿ ಕೇಳಿದ್ದೆ.

ನೀರು ಚಿಮುಕಿಸಿ ನೋಡಿದೆವು. ಧೂಳು ಅಡಗಿತು, ಒಡೆಯೋದು ನಿಲ್ಲಲಿಲ್ಲ. ಫಲ ಕೊಟ್ಟಿದ್ದು "ಬೀಳುವ ಎತ್ತರ ತಗ್ಗಿಸಿ" ಅಂದವರ ಮಾತು. ಟಿಪ್ಪರ್ ಈಗ ಕಾಂಕ್ರೀಟ್ ಮೇಲೆ ಸುರಿಯುವುದಿಲ್ಲ, ಹಳೇ ರಾಶಿಯ ಮೇಲೇ ಮೆಲ್ಲಗೆ ಜಾರಿಸುತ್ತದೆ. ಲೋಡರ್ ರಾಶಿ ಹತ್ತೋದನ್ನೂ ನಿಲ್ಲಿಸಿದೆವು, ಡ್ರೈವರ್‌ಗೆ ಸಿಟ್ಟು ಬಂದರೂ!

ಆಶ್ಚರ್ಯ ಅಂದ್ರೆ, ಮೊದಲ ಒಂದೆರಡು ಸಲ ಬಿದ್ದಾಗಲೇ ಜಾಸ್ತಿ ಒಡೆಯೋದು. ಒಂದು ದೊಡ್ಡ ತುಂಡು ಎತ್ತಿ ನೋಡಿದೆ, ಉಗುರು ಹೋಗುವಷ್ಟು ಬಿರುಕು ಮೊದಲೇ ಇತ್ತು. ಅಂಥವು ಬೇಗ ಸೀಳಿಹೋಗುತ್ತವೆ, ಉಳಿದವು ಅಷ್ಟು ಸುಲಭಕ್ಕೆ ಒಡೆಯಲ್ಲ.

ಜರಡಿ ಹಿಡಿಯೋದು ಮಾತ್ರ ಬಿಟ್ಟಿಲ್ಲ. ಪುಡಿ ಕುಲುಮೆಯೊಳಗೆ ಹೋದರೆ ಗಾಳಿ ಹೋಗುವ ದಾರಿ ಕಟ್ಟುತ್ತದೆ, ಅಲ್ವಾ?