ಎಲ್ಲಾ ಫೀಲ್ಡಿಗೂ ಗೆಟರ್, ಸೆಟರ್ ಬೇಕಾ? ಅನುಭವ ಹೇಳಿ

ಹಾಸನದಿಂದ: ಇಂಜಿನಿಯರಿಂಗ್ ಓದುತ್ತಿದ್ದೇನೆ. ಜಾವಾ ಲ್ಯಾಬಿನಲ್ಲಿ ಕ್ಲಾಸಿನ ಎಲ್ಲಾ ಫೀಲ್ಡನ್ನೂ (ಮಾಹಿತಿ ಇಡುವ ವೇರಿಯಬಲ್) ಪ್ರೈವೇಟ್ ಮಾಡಿ, ಅಂದರೆ ಹೊರಗಿನ ಕೋಡ್ ನೇರವಾಗಿ ಮುಟ್ಟದಂತೆ ಮಾಡಿ, ಒಂದೊಂದಕ್ಕೂ ಗೆಟರ್ (ಓದಿ ಕೊಡುವ ಮೆಥಡ್), ಸೆಟರ್ (ಬದಲಿಸುವ ಮೆಥಡ್) ಬರೆಸುತ್ತಾರೆ. ಹಾಗೆ ಮಾಡಿದರೂ ಹೊರಗಿನವರು ಓದಬಹುದು, ಬದಲಿಸಬಹುದು. ಸುಮ್ನೆ ಪಬ್ಲಿಕ್ ಇಟ್ಟರೆ ಏನು ತೊಂದರೆ? ಕೆಲಸದಲ್ಲಿರುವವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಾನು ಪೆಟ್ಟು ತಿಂದು ಕಲಿತದ್ದು ಹೇಳುತ್ತೇನೆ. ಇಲ್ಲಿನ ಕಾಫಿ ವ್ಯಾಪಾರಿಯೊಬ್ಬರಿಗೆ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಸ್ಟಾಕ್ ಫೀಲ್ಡ್ ಪ್ರೈವೇಟ್, ಅದಕ್ಕೊಂದು ಸೆಟ್‌ಸ್ಟಾಕ್. ನನ್ನ ಲೆಕ್ಕ ಕೆಜಿಯಲ್ಲಿ. ಜೊತೆಗಿದ್ದ ಹುಡುಗ ಖರೀದಿ ಭಾಗ ಬರೆಯುವಾಗ ಮೂಟೆ ಲೆಕ್ಕ ಹಿಡಿದ. 50 ಕೆಜಿಯ 40 ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಬಂದರೆ 2000 ಸೇರಬೇಕು, ಸೇರಿದ್ದು ಬರೀ 40. ಗೋದಾಮಿನಲ್ಲಿ ಮೂಟೆ ಅಟ್ಟಿ ಹಾಕಿದ್ದಾರೆ, ಕಂಪ್ಯೂಟರಿನಲ್ಲಿ ಮಾಲೇ ಇಲ್ಲ! ಸೆಟ್‌ಸ್ಟಾಕನ್ನು 17 ಕಡೆ ಕರೆದಿದ್ದೆವು. ತಪ್ಪು ಹುಡುಕಲು ಎರಡು ದಿನ ಹೋಯಿತು. ಪ್ರೈವೇಟ್ ಅಂತ ಬರೆದಿದ್ದರಿಂದ ಯಾವ ಉಪಕಾರವೂ ಆಗಲಿಲ್ಲ.

ಆಮೇಲೆ ಸೆಟರನ್ನೇ ಕಿತ್ತುಹಾಕಿದೆ. ಅದರ ಜಾಗದಲ್ಲಿ 'ಮೂಟೆ ಸೇರಿಸು', 'ಕೆಜಿ ಕಳಿಸು' ಅಂತ ಎರಡು ಮೆಥಡ್. 50ರಿಂದ ಗುಣಿಸುವ ಕೆಲಸ ಕ್ಲಾಸಿನ ಒಳಗೇ. ಇರುವುದಕ್ಕಿಂತ ಜಾಸ್ತಿ ಕಳಿಸಲು ಹೋದರೆ ಅಲ್ಲೇ ಎಕ್ಸೆಪ್ಷನ್, ಅಂದರೆ ದೋಷ ಅಂತ ಹೇಳಿ ತಡೆಯುತ್ತದೆ. ಓದುವುದಕ್ಕೆ ಗೆಟರ್ ಮಾತ್ರ ಉಳಿಸಿದೆ. ಮುಂದೆ ವ್ಯಾಪಾರಿ ಪ್ರತಿ ಮೂಟೆಯನ್ನೂ ತೂಕ ಮಾಡಿ ಸೇರಿಸಬೇಕು ಅಂದಾಗ ಲೆಕ್ಕ ತಿದ್ದಬೇಕಾಗಿದ್ದು ಆ ಒಂದೇ ಮೆಥಡ್ಡಿನಲ್ಲಿ. ಎನ್‌ಕ್ಯಾಪ್ಸುಲೇಷನ್ (ಒಳಗಿನ ಮಾಹಿತಿ, ಅದರ ನಿಯಮ ಎರಡನ್ನೂ ಕ್ಲಾಸೇ ಕಾಯುವುದು) ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಅವತ್ತು.

ಸಕಲೇಶಪುರದಿಂದ: ನಮ್ಮದು ಪೈಥಾನ್. ಮೊದಲು ಸಾದಾ ಫೀಲ್ಡ್ ಇಡುತ್ತೇವೆ. ಮುಂದೆ ತಪಾಸಣೆ ಬೇಕಾದರೆ ಅದನ್ನೇ ಪ್ರಾಪರ್ಟಿ (ಫೀಲ್ಡಿನ ಹಾಗೆಯೇ ಬಳಸುವ ಮೆಥಡ್) ಮಾಡಿದರಾಯಿತು, ಬಳಸುವವರ ಕೋಡ್ ಹಾಗೇ ಇರುತ್ತದೆ. ಜಾವಾದಲ್ಲಿ ಈ ಅನುಕೂಲ ಇಲ್ಲ. ಪಬ್ಲಿಕ್ ಫೀಲ್ಡನ್ನು ಆಮೇಲೆ ಮೆಥಡ್ ಮಾಡಲು ಹೋದರೆ ಬಳಸಿದ ಕಡೆಯೆಲ್ಲಾ ತಿದ್ದಬೇಕು. ಅದಕ್ಕೇ ಅಲ್ಲಿ ಮೊದಲೇ ಗೆಟರ್ ಬರೆಯುವ ರೂಢಿ. ಬರೀ ಮಾಹಿತಿ ಸಾಗಿಸುವ ಕ್ಲಾಸಾದರೆ 2021ರ ಜಾವಾ 16ರಿಂದ ರೆಕಾರ್ಡ್ (ಫೀಲ್ಡ್ ಬದಲಿಸಲಾಗದ ಚಿಕ್ಕ ಕ್ಲಾಸ್) ಇದೆ, ಸೆಟರ್ ಪ್ರಶ್ನೆಯೇ ಬರುವುದಿಲ್ಲ.

ಅರಸೀಕೆರೆಯಿಂದ: ಲಿಸ್ಟ್ ಕೊಡುವ ಗೆಟರ್ ಇದ್ದರೆ ಹುಷಾರು. ಒಳಗಿನ ಲಿಸ್ಟನ್ನೇ ಕೊಟ್ಟರೆ ಹೊರಗಿನವರು ಕ್ಲಿಯರ್ ಅಂದ ತಕ್ಷಣ ನಿಮ್ಮದೂ ಖಾಲಿ. ಯಾವಾಗಲೂ ನಕಲು ಕೊಡಿ.

ಹಾಸನದಿಂದ: ತುಂಬಾ ಥ್ಯಾಂಕ್ಸ್. ನಾಳೆ ಬ್ಯಾಂಕ್ ಖಾತೆ ಪ್ರೋಗ್ರಾಮ್ ಇದೆ. ಸೆಟ್‌ಬ್ಯಾಲೆನ್ಸ್ ಬಿಟ್ಟು ಜಮಾ, ಡ್ರಾ ಅಂತ ಬರೆಯಲಾ ಅಣ್ಣಾ? ಮೇಷ್ಟ್ರು ಸೆಟರ್ ಬೇಕೇ ಬೇಕು ಅಂದರೆ?

ಚಿಕ್ಕಮಗಳೂರಿನಿಂದ: ಹಾಗೇ ಬರೆಯಿರಿ. ಕೇಳಿದರೆ ಖಾತೆದಾರರ ವಿಳಾಸಕ್ಕೆ ಸೆಟರ್ ಇಡಿ, ಅದು ನಿಜಕ್ಕೂ ಬದಲಾಗುವಂಥದ್ದು ಅಲ್ವಾ. ಡ್ರಾ ಮೆಥಡ್ಡಿನಲ್ಲಿ ಮೊತ್ತ ಸೊನ್ನೆಗಿಂತ ಕಡಿಮೆ ಇದ್ದರೆ ತಡೆಯುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಮೈನಸ್ 500 ಡ್ರಾ ಮಾಡಿದಾಗ ಬ್ಯಾಲೆನ್ಸ್ ಏರುತ್ತದೆ.